ನಿದ್ದೆ ಬರ್ತಿದೆಯಾ ಮಗಾ?

"ಬಿಡ್ತಾನಾ ಡಾಕ್ಟ್ರೇ?"

ವ್ಯಸನಮುಕ್ತಿ ವಿಭಾಗಕ್ಕೆ ಮಗನನ್ನು ಕರೆತಂದ ಅಪ್ಪ-ಅಮ್ಮ ಮೊದಲು ಕೇಳುವ ಮಾತು ಇದು. ಮೂರು ತಿಂಗಳು ಕಳೆದ ಮೇಲೆ ನೆಂಟರು ಕೇಳುವುದು "ಬಿಟ್ನಾ?" ಎಂದು. ಕಾಲೇಜಿನವರಿಗೂ ಪೊಲೀಸರಿಗೂ ಬೇಕಾಗಿರುವುದು ಅದೇ ಉತ್ತರ. ಕೇಳುವವರನ್ನು ದೂರುವಂತಿಲ್ಲ. ಬೆಳೆದ ಮಗ ಕಣ್ಣೆದುರೇ ಸೊರಗುತ್ತಿರುವಾಗ ಹೆತ್ತ ಹೊಟ್ಟೆಗೆ ಬೇರೇನು ತೋಚೀತು? ಆದರೆ ಇಪ್ಪತ್ತರ ಆಸುಪಾಸಿನ ಹುಡುಗ ಗಾಂಜಾವನ್ನೋ ಮಾತ್ರೆಯನ್ನೋ ಬಿಟ್ಟು ನಿಲ್ಲುತ್ತಾನೆಯೇ ಅಥವಾ ಎರಡೇ ತಿಂಗಳಲ್ಲಿ ಹಳೆಯ ಗೂಡಂಗಡಿಯ ಹಿಂದೆ ಮತ್ತೆ ಕಾಣಿಸುತ್ತಾನೆಯೇ ಎಂಬುದು ಬಹುಮಟ್ಟಿಗೆ ಬೇರೆ ಸಂಗತಿಗಳ ಮೇಲೆ ನಿಂತಿದೆ. ರಾತ್ರಿ ನಿದ್ದೆ ಬರುತ್ತಿದೆಯೇ, ಜೇಬಿನಲ್ಲಿ ದುಡ್ಡಿದೆಯೇ, ಸಂಜೆ ಜೊತೆಗೆ ಯಾರಿದ್ದಾರೆ, ಮನೆಯಲ್ಲಿ ಯಾರಾದರೂ ನೆಟ್ಟಗೆ ಮಾತಾಡಿಸುತ್ತಾರೆಯೇ? ಇವನ್ನು ಕೇಳುವವರು ಕಡಿಮೆ.

ಇವನ್ನೆಲ್ಲ ಒಟ್ಟಾಗಿ ಜೀವನದ ಗುಣಮಟ್ಟ ಎನ್ನುತ್ತಾರೆ. ಅದನ್ನು ಅಳೆಯಲು ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಒಂದು ಪ್ರಶ್ನಾವಳಿ ಸಿದ್ಧಪಡಿಸಿತು. ಹಲವು ದೇಶಗಳ ಕೇಂದ್ರಗಳು ಸೇರಿ ಮಾಡಿದ ಆ ಕೆಲಸದಲ್ಲಿ ದೆಹಲಿ ಮತ್ತು ಚೆನ್ನೈ ಕೂಡ ಇದ್ದವು. ಅದರ ಚಿಕ್ಕ ರೂಪದಲ್ಲಿರುವುದು 26 ಪ್ರಶ್ನೆ. ಕನ್ನಡದಲ್ಲೂ ಅದು ಬಳಕೆಯಲ್ಲಿದೆ. ಕಳೆದ ಎರಡು ವಾರಗಳನ್ನು ನೆನೆದು ಒಂದರಿಂದ ಐದರೊಳಗೆ ಒಂದು ಅಂಕಿಗೆ ಗುರುತು ಹಾಕಬೇಕು. ನಿದ್ದೆ ತೃಪ್ತಿಯಾಗಿದೆಯೇ, ದಿನದ ಕೆಲಸಕ್ಕೆ ಕಸುವಿದೆಯೇ, ಅಗತ್ಯಕ್ಕೆ ಸಾಕಾಗುವಷ್ಟು ಹಣವಿದೆಯೇ, ಬಿಡುವಿನಲ್ಲಿ ಏನಾದರೂ ಮಾಡಲು ಅವಕಾಶವಿದೆಯೇ, ಗೆಳೆಯರ ಆಸರೆ ಹೇಗಿದೆ, ವಾಸದ ಜಾಗ ಹೇಗಿದೆ, ನಿನ್ನ ಬಗ್ಗೆ ನಿನಗೆ ಸಮಾಧಾನವಿದೆಯೇ ಎಂದೆಲ್ಲ ಅದು ಕೇಳುತ್ತದೆ. ದೇಹ, ಮನಸ್ಸು, ಸಂಬಂಧ, ಪರಿಸರ ಎಂಬ ನಾಲ್ಕು ಮಗ್ಗುಲಲ್ಲಿ ಉತ್ತರಗಳನ್ನು ಕೂಡಿಸಿ ನೋಡುತ್ತಾರೆ. ಮಾದಕ ವಸ್ತು ಸೇವಿಸುತ್ತೀಯಾ ಎಂಬ ಪ್ರಶ್ನೆ ಆ 26ರಲ್ಲಿ ಇಲ್ಲವೇ ಇಲ್ಲ. ಆದರೂ ವ್ಯಸನದ ಚಿಕಿತ್ಸೆ ಎಷ್ಟು ನಾಟಿದೆ ಎಂದು ತಿಳಿಯಲು ಸಂಶೋಧಕರು ಇದನ್ನೇ ಮತ್ತೆ ಮತ್ತೆ ಕೈಗೆತ್ತಿಕೊಳ್ಳುತ್ತಾರೆ. ನಮ್ಮ ಮನೆಗಳಲ್ಲೂ ಆಸ್ಪತ್ರೆಗಳಲ್ಲೂ ಮಾತು ಇಲ್ಲಿಂದಲೇ ಶುರುವಾಗಬೇಕು ಎಂಬುದು ನನ್ನ ಬಲವಾದ ನಂಬಿಕೆ.

ದೇಶದ ಲೆಕ್ಕವನ್ನೊಮ್ಮೆ ನೋಡೋಣ. ದೆಹಲಿಯ ಏಮ್ಸ್‌ನ ರಾಷ್ಟ್ರೀಯ ಮಾದಕ ವ್ಯಸನ ಚಿಕಿತ್ಸಾ ಕೇಂದ್ರ 2018ರಲ್ಲಿ ನಡೆಸಿ 2019ರಲ್ಲಿ ವರದಿ ಕೊಟ್ಟ ಸಮೀಕ್ಷೆಯ ಪ್ರಕಾರ, 10ರಿಂದ 75 ವರ್ಷದೊಳಗಿನವರಲ್ಲಿ ಸುಮಾರು 3.1 ಕೋಟಿ ಜನ ಭಂಗಿ, ಗಾಂಜಾ, ಚರಸ್ ಬಳಸುತ್ತಾರೆ. ಅಫೀಮು, ಹೆರಾಯಿನ್ ಮತ್ತು ಅದೇ ಜಾತಿಯ ನೋವಿನ ಮಾತ್ರೆಗಳನ್ನು ಬಳಸುವವರು ಸುಮಾರು 2.26 ಕೋಟಿ. ಅಕ್ರಮ ಮಾದಕ ವಸ್ತುಗಳ ಚಟ ಅಂಟಿಕೊಂಡವರಲ್ಲಿ ಎಂದಾದರೂ ಒಳರೋಗಿಯಾಗಿ ಚಿಕಿತ್ಸೆ ಪಡೆದವರು 20ರಲ್ಲಿ ಒಬ್ಬರು ಮಾತ್ರ. ಉಳಿದ ಹತ್ತೊಂಬತ್ತು ಜನ ಮನೆ, ಹಾಸ್ಟೆಲ್, ಪಿ.ಜಿ., ಫುಟ್‌ಪಾತ್‌ಗಳಲ್ಲಿ ಹೇಗೋ ದಿನ ತಳ್ಳುತ್ತಿದ್ದಾರೆ.

ಬಳಸುವವರೆಲ್ಲ ಚಟಕ್ಕೆ ಬೀಳುವುದಿಲ್ಲ ಎಂಬ ನಿಜವನ್ನೂ ಇಲ್ಲಿ ಹೇಳಬೇಕು. ಗಾಂಜಾ ಸೇದಿದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ಅದಿಲ್ಲದೆ ಇರಲಾರದ ಸ್ಥಿತಿಗೆ ತಲುಪುತ್ತಾರೆ. ಹದಿಹರೆಯದಲ್ಲೇ ಶುರು ಮಾಡಿದವರಲ್ಲಿ ಈ ಪ್ರಮಾಣ ಆರರಲ್ಲಿ ಒಂದರ ಹತ್ತಿರ ಬರುತ್ತದೆ. ಮಿದುಳಿನ ಬೆಳವಣಿಗೆ ಇಪ್ಪತ್ತೈದರ ಹತ್ತಿರದವರೆಗೂ ನಡೆಯುತ್ತಿರುವುದರಿಂದ ಎಳೆಯ ವಯಸ್ಸಿನ ಸೇವನೆ ಹೆಚ್ಚು ಅಪಾಯ. ಚಿಕ್ಕಂದಿನಲ್ಲೇ ವಿಪರೀತ ಸೇದಿದವರಲ್ಲಿ ಸಂಶಯ, ಭ್ರಮೆಯ ಮನೋರೋಗ ಕಾಣಿಸುವ ಸಾಧ್ಯತೆಯೂ ಹೆಚ್ಚು. ಇದನ್ನು ಇದ್ದದ್ದು ಇದ್ದಂತೆ ಹೇಳದೆ "ಒಂದ್ ಸಲ ಸೇದಿದ್ರೆ ಜೀವನವೇ ಮುಗೀತು" ಎಂದು ಹೆದರಿಸಿದರೆ ಏನಾಗುತ್ತದೆ? ವಾರಾಂತ್ಯಕ್ಕೆ ಸೇದುವ ಗೆಳೆಯ ಸೆಮಿಸ್ಟರ್ ಪಾಸಾಗಿ ಕ್ಯಾಂಪಸ್ ಸಂದರ್ಶನಕ್ಕೂ ಹೋಗಿ ಬಂದದ್ದನ್ನು ಹುಡುಗ ನೋಡಿರುತ್ತಾನೆ. ಆಮೇಲೆ ದೊಡ್ಡವರ ಯಾವ ಮಾತೂ ಅವನ ತಲೆಗೆ ಹೋಗುವುದಿಲ್ಲ. ಮುಂದೆ ನಿಜವಾಗಿ ಕಷ್ಟ ಬಂದಾಗ ಅವನು ಹೇಳಿಕೊಳ್ಳಲು ಹೋಗುವುದು ಅದೇ ಗೆಳೆಯನ ಹತ್ತಿರ. ಆರಂಭದ ತಿಂಗಳುಗಳಲ್ಲಿ ಆ ಪ್ರಶ್ನಾವಳಿ ಕೊಟ್ಟರೆ ಇಂಥ ಹುಡುಗನ ಅಂಕ ಚೆನ್ನಾಗಿಯೇ ಬರಬಹುದು. ಹೊಸ ಗೆಳೆಯರು ಸಿಕ್ಕಿದ್ದಾರೆ, ಸಂಕೋಚ ಕಳೆದಿದೆ, ರಾತ್ರಿ ಮಲಗಿದರೆ ನಿದ್ದೆ. ಅಂಕ ಇಳಿಯುವುದು ನಿಧಾನಕ್ಕೆ. ಇಳಿಯತೊಡಗಿದ್ದು ಅವನ ಗಮನಕ್ಕೇ ತಡವಾಗಿ ಬರುತ್ತದೆ.

ಬಹಳಷ್ಟು ಮಂದಿ ಸೋಲುವುದು ನಿದ್ದೆಯ ಎದುರಿಗೆ. ದಿನವೂ ಸೇದುತ್ತಿದ್ದವನು ಗಾಂಜಾ ನಿಲ್ಲಿಸಿದರೆ ಒಂದೆರಡು ದಿನದಲ್ಲೇ ಸಿಡುಕು, ಚಡಪಡಿಕೆ, ಬೆವರು ಶುರುವಾಗುತ್ತದೆ. ಅನ್ನ ಸೇರುವುದಿಲ್ಲ. ಮೊದಲ ವಾರ ಇದು ತಾರಕಕ್ಕೇರಿ ಎರಡು-ಮೂರು ವಾರಗಳಲ್ಲಿ ಇಳಿಯುತ್ತದೆ. ಆದರೆ ನಿದ್ದೆಯ ತೊಂದರೆ, ಬೆಚ್ಚಿ ಎಬ್ಬಿಸುವಂಥ ಕನಸುಗಳು ಇನ್ನೂ ಕೆಲವು ವಾರ ಎಳೆಯಬಹುದು. ಗಾಂಜಾ ಬಿಟ್ಟರೆ ಹೀಗಾಗುತ್ತದೆ ಎಂಬುದು ಅಮೆರಿಕದ ಮನೋವೈದ್ಯರ ರೋಗಪಟ್ಟಿಗೆ ಸೇರಿದ್ದೇ 2013ರಲ್ಲಿ. ಮನೆಯವರಿಗೆ ಇದು ತಿಳಿದಿರುವುದಿಲ್ಲ. ರಾತ್ರಿ ಎರಡು ಗಂಟೆಗೆ ಹಜಾರದಲ್ಲಿ ಅಡ್ಡಾಡುವ, ತಟ್ಟೆ ಸರಿಸಿ ಎದ್ದುಹೋಗುವ, ತಂಗಿಯ ಮೇಲೆ ರೇಗುವ ಹುಡುಗನನ್ನು ಕಂಡು "ಮತ್ತೆ ಶುರು ಮಾಡ್ಕೊಂಡಿದಾನೆ" ಎಂದು ತೀರ್ಮಾನಿಸಿಬಿಡುತ್ತಾರೆ. ಬಿಟ್ಟಿದ್ದಾನೆ ಎಂಬುದಕ್ಕೆ ಸಾಕ್ಷಿಯಾಗಿರುವ ಲಕ್ಷಣಗಳೇ ಮನೆಯಲ್ಲಿ ಅವನ ವಿರುದ್ಧದ ಸಾಕ್ಷಿಗಳಾಗುತ್ತವೆ. ಸೇದದಿದ್ದರೂ ಬೈಗುಳ ತಪ್ಪದು ಎಂದಾದ ಮೇಲೆ ಸೇದಿದರೇನು ಎಂದು ಅವನಿಗೆ ಅನ್ನಿಸಿದರೆ ಅದು ಅಚ್ಚರಿಯೇ? "ನಿದ್ದೆ ಬರ್ತಿದೆಯಾ ಮಗಾ?" ಎಂದು ಆ ಹೊತ್ತಿನಲ್ಲಿ ಅಮ್ಮ ಕೇಳಿದರೆ ಅದು ಬರೀ ಅಂತಃಕರಣದ ಮಾತಾಗಿ ಉಳಿಯುವುದಿಲ್ಲ. ಚಿಕಿತ್ಸೆಗೆ ಬೇಕಾದ ಮಾಹಿತಿಯೇ ಅದು. ನಿದ್ದೆಯ ತೊಂದರೆಗೆ ಆ ಕೆಲವು ವಾರಗಳ ಮಟ್ಟಿಗೆ ವೈದ್ಯರು ನೆರವಾಗಬಲ್ಲರು. ಹೇಳಿದರೆ ತಾನೆ?

ಈಗ ಅನೇಕ ಮನೆಗಳಿಗೆ ಮೂತ್ರ ಪರೀಕ್ಷೆಯ ಕಿಟ್ ಬಂದಿದೆ. ಆನ್‌ಲೈನ್‌ನಲ್ಲಿ ತರಿಸಿ, ಬೆಳಿಗ್ಗೆ ಮಗನ ಕೈಗೆ ಡಬ್ಬಿ ಕೊಟ್ಟು ಬಚ್ಚಲ ಬಾಗಿಲಲ್ಲಿ ಅಪ್ಪ ಕಾಯುತ್ತಾರೆ. ಕೋವಿಡ್ ಕಿಟ್ ನೋಡಿ ರೂಢಿಯಾದ ಕಣ್ಣಿಗೆ ಎರಡು ಗೆರೆ ಕಂಡರೆ ಎದೆ ಧಸಕ್ಕೆನ್ನುತ್ತದೆ. ಮಾದಕ ವಸ್ತುವಿನ ಕಿಟ್ ಇದಕ್ಕೆ ತದ್ವಿರುದ್ಧ. ಎರಡು ಗೆರೆ ಬಂದರೆ ಏನೂ ಸಿಕ್ಕಿಲ್ಲ ಎಂದರ್ಥ. ಮೇಲಿನ ನಿಯಂತ್ರಣ ಗೆರೆ ಮಾತ್ರ ಮೂಡಿ ಕೆಳಗಿನದು ಮೂಡದಿದ್ದರೆ ಆಗ ಪಾಸಿಟಿವ್. ತಪ್ಪಾಗಿ ಓದಿಕೊಂಡು ನಡೆಯುವ ರಂಪ ಒಂದು ಕಡೆಯಾದರೆ, ಸರಿಯಾಗಿ ಓದಿದರೂ ತಪ್ಪುವುದು ಇನ್ನೊಂದು ಕಡೆ. ಗಾಂಜಾದ ಅಂಶ ಮೈಯ ಕೊಬ್ಬಿನಲ್ಲಿ ಸೇರಿಕೊಂಡು ಹನಿಹನಿಯಾಗಿ ಹೊರಬರುತ್ತದೆ. ಅಪರೂಪಕ್ಕೆ ಸೇದಿದವನ ಮೂತ್ರದಲ್ಲಿ ಕೆಲವೇ ದಿನ ಉಳಿದರೆ, ದಿನವೂ ಸೇದುತ್ತಿದ್ದವನಲ್ಲಿ ತಿಂಗಳವರೆಗೂ ಕಾಣಿಸಿಕೊಳ್ಳಬಹುದು. ಇಪ್ಪತ್ತು ದಿನದಿಂದ ಮುಟ್ಟದವನ ಮುಂದೆ ಪಾಸಿಟಿವ್ ಪಟ್ಟಿ ಹಿಡಿದು "ಇದೇನು ಹಾಗಾದ್ರೆ?" ಎಂದು ಗದರಿದರೆ ಅವನ ಬಳಿ ಕೊಡಲು ಯಾವ ಪುರಾವೆಯೂ ಇರುವುದಿಲ್ಲ. ವೈದ್ಯರ ಕೈಯಲ್ಲಿ ಈ ಪರೀಕ್ಷೆಗೆ ಉಪಯೋಗವಿದೆ. ಅದನ್ನು ಬಚ್ಚಲ ಬಾಗಿಲ ನ್ಯಾಯಪಂಚಾಯಿತಿಯ ಸಾಮಾನಾಗಿ ಮಾಡಿಕೊಳ್ಳಬಾರದು.

ಬೆಂಗಳೂರಿನಲ್ಲಿ ಈಚಿನ ವರ್ಷಗಳಲ್ಲಿ ವೈದ್ಯರ ಆತಂಕ ಹೆಚ್ಚಿಸಿರುವುದು ಟಪೆಂಟಡಾಲ್‌ನಂಥ ನೋವಿನ ಮಾತ್ರೆಗಳು. ನುಂಗಬೇಕಾದದ್ದನ್ನು ನರಕ್ಕೆ ಚುಚ್ಚಿಕೊಳ್ಳುವ ಹುಡುಗರು ಆಸ್ಪತ್ರೆಗೆ ಬರುತ್ತಿದ್ದಾರೆ. ಮಾತ್ರೆಗೆ ಗಟ್ಟಿತನ ಕೊಡಲು ಸೇರಿಸಿದ ಪುಡಿ ರಕ್ತನಾಳಗಳನ್ನು ಕೆಡಿಸುತ್ತದೆ, ಕೈಯಲ್ಲಿ ಕೀವು ಕಟ್ಟುತ್ತದೆ. ಸೂಜಿ ಹಂಚಿಕೊಂಡರೆ ಎಚ್‌ಐವಿ, ಹೆಪಟೈಟಿಸ್ ಸಿ ತಗಲಬಹುದು. ಇಲ್ಲಿಯ ದಿನಚರಿ ಗಾಂಜಾದವನದಕ್ಕಿಂತ ಬಹಳ ಕಠಿಣ. ಬೆಳಿಗ್ಗೆ ಎದ್ದೊಡನೆ ಮೈಕೈ ನೋವು, ಮೂಗು ಸೋರುವುದು, ಹೊಟ್ಟೆ ನುಲಿತ. ಅದನ್ನು ತಣಿಸಲು ದುಡ್ಡು ಹೊಂದಿಸಬೇಕು, ಮಾಲು ಹುಡುಕಬೇಕು, ಒಂದು ಮರೆಯ ಜಾಗ ಬೇಕು. ಸಂಜೆಗೆ ಮತ್ತೆ ಇಷ್ಟೂ ಮೊದಲಿಂದ. ಖುಷಿ ಎಂಬುದು ಎಂದೋ ಮುಗಿದುಹೋಗಿ, ನೋವಿಲ್ಲದೆ ನಾಲ್ಕು ತಾಸು ಕಳೆದರೆ ಸಾಕು ಎಂಬಲ್ಲಿಗೆ ಬದುಕು ಬಂದು ನಿಂತಿರುತ್ತದೆ.

ಇಂಥವರಿಗೆ ಬ್ಯುಪ್ರೆನಾರ್ಫಿನ್ ಎಂಬ ಔಷಧಿ ಇದೆ. ನಾಲಗೆಯ ಕೆಳಗಿಟ್ಟು ಕರಗಿಸಿಕೊಳ್ಳುವ ಮಾತ್ರೆ. ವೈದ್ಯರ ನಿಗಾದಲ್ಲಿ ದಿನವೂ ತೆಗೆದುಕೊಂಡರೆ ಮೈನೋವೂ ಹಪಾಹಪಿಯೂ ನಿಂತು, ಮಬ್ಬಿಲ್ಲದೆ ಓಡಾಡಿಕೊಂಡಿರಬಹುದು. ಚುಚ್ಚಿಕೊಳ್ಳುವವರಿಗೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಕಾರ್ಯಕ್ರಮದಡಿ ಇದು ಉಚಿತ. ಪಂಜಾಬ್ ಸರ್ಕಾರ 2017ರಿಂದ ಇದಕ್ಕೆಂದೇ ಹೊರರೋಗಿ ಚಿಕಿತ್ಸಾಲಯಗಳನ್ನು ನಡೆಸುತ್ತಿದೆ. "ಒಂದು ಬಿಡಿಸಿ ಇನ್ನೊಂದು ಹಿಡಿಸೋದಾ?" ಎಂದು ಮನೆಯವರು ಕೇಳುತ್ತಾರೆ. ಬಿಟ್ಟನೋ ಇಲ್ಲವೋ ಎಂಬ ಒಂದೇ ಅಳತೆಯಲ್ಲಿ ನೋಡಿದರೆ ಆ ಅನುಮಾನ ಸಹಜ. ಬದುಕಿನ ಅಳತೆಯಲ್ಲಿ ನೋಡಿದರೆ ಚಿತ್ರ ಬೇರೆ. ಈ ಚಿಕಿತ್ಸೆಗೆ ಸೇರುವಾಗ ಪಾತಾಳದಲ್ಲಿರುವ ಜೀವನದ ಗುಣಮಟ್ಟದ ಅಂಕ ಮೊದಲ ಕೆಲವು ತಿಂಗಳಲ್ಲೇ ಏರುವುದನ್ನು ಅಧ್ಯಯನಗಳು ಮತ್ತೆ ಮತ್ತೆ ಕಂಡಿವೆ. ಮೊದಲು ಮೈ ಸುಧಾರಿಸುತ್ತದೆ, ನಿದ್ದೆ ಬರುತ್ತದೆ, ಕೆಲಸಕ್ಕೆ ಹೋಗಲಾಗುತ್ತದೆ. ಔಷಧಿಯಿಲ್ಲದೆ ಕೂಡಿಹಾಕಿ ಬಿಡಿಸುವುದರಲ್ಲಿ ಪ್ರಾಣಾಪಾಯವೂ ಇದೆ. ಕೆಲವು ವಾರ ಬಿಟ್ಟಿದ್ದ ಮೈ ಹಳೆಯ ಪ್ರಮಾಣವನ್ನು ತಾಳಲಾರದು. ಪುನರ್ವಸತಿ ಕೇಂದ್ರದಿಂದಲೋ ಜೈಲಿನಿಂದಲೋ ಹೊರಬಂದವನು ಮೊದಲಿನಷ್ಟೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಹೆರಾಯಿನ್ ಜಾತಿಯ ವಸ್ತುಗಳಿಂದ ಸಾಯುವವರಲ್ಲಿ ಹೀಗೆ ಆಗಷ್ಟೇ ಹೊರಬಂದವರು ಅನೇಕರು. ಮಗ ಗುಣವಾಗಿ ಬಂದ ಎಂದು ಮನೆಯವರು ನಿಟ್ಟುಸಿರುಬಿಡುವ ವಾರವೇ ಅತಿ ಎಚ್ಚರದಿಂದಿರಬೇಕಾದ ವಾರ.

ಹೊರಬಂದವನಿಗೆ ಕಾದಿರುವುದು ಅದೇ ಕೋಣೆ, ಅದೇ ಓಣಿ, ಮೊಬೈಲಿನಲ್ಲಿ ಅದೇ ನಂಬರುಗಳು. ಜಾಗ ಬದಲಾದರೆ ಚಟ ಏನಾಗುತ್ತದೆ ನೋಡಿ. ವಿಯೆಟ್ನಾಂ ಯುದ್ಧದಲ್ಲಿ ಹೆರಾಯಿನ್‌ಗೆ ದಾಸರಾಗಿದ್ದ ಅಮೆರಿಕದ ಸೈನಿಕರು 1971ರಲ್ಲಿ ಊರಿಗೆ ಮರಳಿದಾಗ ಲೀ ರಾಬಿನ್ಸ್ ಎಂಬ ಸಂಶೋಧಕಿ ಅವರ ಬೆನ್ನುಹತ್ತಿ ಅಧ್ಯಯನ ಮಾಡಿದರು. ಮೊದಲ ವರ್ಷ ಮತ್ತೆ ಚಟಕ್ಕೆ ಬಿದ್ದವರು ನೂರರಲ್ಲಿ ಸುಮಾರು ಐವರು ಮಾತ್ರ. ಯುದ್ಧಭೂಮಿ ಹಿಂದೆ ಉಳಿದಿತ್ತು. ಹೆತ್ತವರು, ಊರು, ಕೆಲಸ ಮುಂದೆ ಇದ್ದವು. ನಮ್ಮ ಹುಡುಗರ ಪ್ರಯಾಣ ತಿರುಗುಮುರುಗು. ಚಿಕಿತ್ಸೆಗೆಂದು ಎಲ್ಲೋ ಹೋಗಿ, ಚಟ ಹುಟ್ಟಿದ ಜಾಗಕ್ಕೇ ಮರಳಿ ಬರುತ್ತಾರೆ. ಹಳೆಯ ಗೆಳೆಯರ ಸಹವಾಸ ಬಿಡು ಎಂದು ಎಲ್ಲರೂ ಉಪದೇಶಿಸುತ್ತಾರೆ. ಹತ್ತೊಂಬತ್ತರ ಹುಡುಗನಿಗೆ ಹಾಸ್ಟೆಲ್ ಸೇರಿದ ದಿನದಿಂದ ಇದ್ದ ಬಳಗ ಅದೊಂದೇ. ಅದನ್ನು ಬಿಟ್ಟು ಅವನು ಯಾರ ಜೊತೆ ಟೀ ಕುಡಿಯಬೇಕು?

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು ಈ ಅಂಶವನ್ನು ಚೆನ್ನಾಗಿ ಅರಿತಿವೆ. ಎಂಟು ದಿನದ ಶಿಬಿರ ಮುಗಿದ ಮೇಲೆ ಕುಡಿತ ಬಿಟ್ಟವರು ನವಜೀವನ ಸಮಿತಿಯಲ್ಲಿ ಸೇರುತ್ತಾರೆ. ಹಾಗೆ ಸೇರಿದವನಿಗೆ ಊರಿನಲ್ಲೇ ತನ್ನಂಥವರ ಹೊಸ ಬಳಗ ಸಿಕ್ಕಿರುತ್ತದೆ. ಆದರೆ ಅದರ ರಚನೆಯೇ ಹಳ್ಳಿಯ, ಸಂಸಾರಸ್ಥ, ಕುಡಿತದ ಯಜಮಾನನಿಗಾಗಿ ಆದದ್ದು. ಮಂಗಳೂರಿನಲ್ಲೋ ಮಣಿಪಾಲದಲ್ಲೋ ಓದುವ, ಬೆಂಗಳೂರಿನಲ್ಲಿ ಊಟದ ಡೆಲಿವರಿ ಮಾಡುವ ಹುಡುಗ-ಹುಡುಗಿಯರಿಗೆ ಅಂಥ ಬಳಗವನ್ನು ಕಟ್ಟಿಕೊಡುವ ಕೆಲಸ ಇನ್ನೂ ಆಗಬೇಕಿದೆ. ಹುಡುಗಿಯರ ಕಷ್ಟವಂತೂ ಇಮ್ಮಡಿ. ಮಗನನ್ನಾದರೆ ಆಸ್ಪತ್ರೆಗೆ ಕರೆದೊಯ್ಯುವ ಮನೆಯವರು ಮಗಳ ವಿಷಯ ಹೊರಗೆ ಗೊತ್ತಾದರೆ ಮದುವೆ ಆಗುವುದಿಲ್ಲ ಎಂದು ಬಾಗಿಲು ಹಾಕಿಕೊಳ್ಳುತ್ತಾರೆ. ಅವಳ ಚಿಕಿತ್ಸೆ ಶುರುವಾಗುವ ಹೊತ್ತಿಗೆ ರೋಗ ಬಹಳ ಮುಂದೆ ಹೋಗಿರುತ್ತದೆ.

ಕರಾವಳಿಯ ಪತ್ರಿಕೆಗಳ ಒಳಪುಟದಲ್ಲಿ ಆಗಾಗ ಬರುವ ಒಂದು ಚಿಕ್ಕ ಸುದ್ದಿ ನೆನಪಿಸಿಕೊಳ್ಳಿ: ಗಾಂಜಾ ಸೇವನೆ, ಇಬ್ಬರು ವಶಕ್ಕೆ. ಅದರ ಕೆಳಗೆ ಹುಡುಗರ ಹೆಸರು, ವಯಸ್ಸು, ಊರು. ಮಾರಿದವರಲ್ಲ, ಸೇದಿದವರು. ವೈದ್ಯಕೀಯ ಪರೀಕ್ಷೆಯಲ್ಲಿ ದೃಢಪಟ್ಟಿದೆ ಎಂಬ ಒಂದು ಸಾಲು. ನಾಲ್ಕು ಸಾಲಿನ ಈ ಸುದ್ದಿ ಅಂತರ್ಜಾಲದಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ನೌಕರಿ ಕೊಡುವ ಕಂಪನಿ ಹೆಸರು ಹುಡುಕಿದರೆ ಮೊದಲು ಸಿಗುವುದು ಅದೇ. ಎನ್‌ಡಿಪಿಎಸ್ (ಮಾದಕ ವಸ್ತು ತಡೆ) ಕಾಯ್ದೆ, 1985ರ ಸೆಕ್ಷನ್ 27ರಂತೆ ಸೇವನೆಗೆ ವಸ್ತುವನ್ನು ನೋಡಿಕೊಂಡು ಆರು ತಿಂಗಳು ಅಥವಾ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಅದೇ ಕಾಯ್ದೆಯ 64ಎ ಸೆಕ್ಷನ್ ಇನ್ನೊಂದು ದಾರಿಯನ್ನೂ ತೆರೆದಿಟ್ಟಿದೆ. ಸೇವನೆ ಅಥವಾ ಸಣ್ಣ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಸೇರಿ ಅದನ್ನು ಪೂರ್ತಿ ಮುಗಿಸಿದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಇದನ್ನು ಹುಡುಗನಿಗೂ ಅವನ ತಂದೆಗೂ ಠಾಣೆಯಲ್ಲೇ ತಿಳಿಸಿ ಹೇಳುವ ಏರ್ಪಾಡು ಆಗಬೇಕು. ಸೇವನೆಯ ಪ್ರಕರಣಗಳಲ್ಲಿ ಹೆಸರು ಅಚ್ಚು ಹಾಕುವುದನ್ನು ಪತ್ರಿಕೆಗಳು ನಿಲ್ಲಿಸಬೇಕು. ಆ ನಾಲ್ಕು ಸಾಲಿನಿಂದ ಯಾರ ಆರೋಗ್ಯವೂ ಸುಧಾರಿಸಿಲ್ಲ.

ದಿಕ್ಕುಗೆಟ್ಟ ಹೆತ್ತವರು ಖಾಸಗಿ ಪುನರ್ವಸತಿ ಕೇಂದ್ರಗಳಿಗೆ ಫೋನ್ ಮಾಡುತ್ತಾರೆ. ಒಳ್ಳೆಯವು ಇವೆ. ರಾತ್ರೋರಾತ್ರಿ ಗಾಡಿ ತಂದು ಹುಡುಗನನ್ನು ಎತ್ತಿಕೊಂಡು ಹೋಗಿ, ತಲೆ ಬೋಳಿಸಿ, ಹೊಡೆದು ಬುದ್ಧಿ ಕಲಿಸುತ್ತೇವೆ ಎನ್ನುವವೂ ಇವೆ. ಮದ್ಯ ಮತ್ತು ಮಾದಕ ವ್ಯಸನಕ್ಕೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳು 2017ರ ಮಾನಸಿಕ ಆರೋಗ್ಯ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಅದರ 20ನೇ ಸೆಕ್ಷನ್ ಓದಬೇಕು. ಬಲವಂತವಾಗಿ ತಲೆ ಬೋಳಿಸುವಂತಿಲ್ಲ, ಸಮವಸ್ತ್ರ ಹೇರುವಂತಿಲ್ಲ, ದುಡಿಸಿಕೊಳ್ಳುವಂತಿಲ್ಲ. ಶುಚಿಯಾದ ಜಾಗ, ಖಾಸಗಿತನ, ಓದು, ಮನರಂಜನೆ, ಮತ್ತೆ ಸಮಾಜದಲ್ಲಿ ಬಾಳಲು ಬೇಕಾದ ತಯಾರಿ ಎಲ್ಲವೂ ರೋಗಿಯ ಹಕ್ಕು. ಸರಪಳಿ ಹಾಕುವುದನ್ನು 95ನೇ ಸೆಕ್ಷನ್ ನಿಷೇಧಿಸಿದೆ. ಪುನರ್ವಸತಿ ಕೇಂದ್ರವು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಿದೆಯೇ ಎಂದು ಸೇರಿಸುವ ಮುನ್ನ ಕೇಳಿ. ನೋಂದಣಿ ಪತ್ರ ತೋರಿಸಲು ತಡವರಿಸುವ ಕಡೆ ಮಗನನ್ನು ಬಿಟ್ಟುಬರಬೇಡಿ.

ಇದುವರೆಗೆ ಹೇಳಿದ್ದೆಲ್ಲ ಮನೆಯಿದ್ದವರ ಕತೆ. ಮೆಜೆಸ್ಟಿಕ್ಕಿನಲ್ಲೂ ಕೆ.ಆರ್. ಮಾರುಕಟ್ಟೆಯ ಸುತ್ತಲೂ ಬಟ್ಟೆಗೆ ಸಲ್ಯೂಷನ್ (ಅಂಟಿನ ದ್ರಾವಣ) ಸುರಿದು ಮೂಗಿಗೆ ಹಿಡಿಯುವ ಮಕ್ಕಳಿಗೆ ಅದು ಹಸಿವು, ಚಳಿ, ಭಯ ಮೂರನ್ನೂ ಮರೆಸುತ್ತದೆ. ಏಮ್ಸ್ ಸಮೀಕ್ಷೆಯಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚು ಕಂಡದ್ದು ಹೀಗೆ ಮೂಸುವ ವಸ್ತುಗಳ ಬಳಕೆಯೊಂದೇ: 10ರಿಂದ 17 ವರ್ಷದವರಲ್ಲಿ ಶೇ 1.17, ದೊಡ್ಡವರಲ್ಲಿ ಶೇ 0.58. ಮಗುವಿಗೆ ಮತ್ತಿನ ವಸ್ತು ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯಡಿ ಏಳು ವರ್ಷದವರೆಗೆ ಶಿಕ್ಷೆ ಇದೆ. ಆದರೂ ಈ ಮಗುವಿನ ಕೈಯಿಂದ ಬಟ್ಟೆ ಕಿತ್ತುಕೊಳ್ಳುವ ಮುನ್ನ ಒಂದು ತಟ್ಟೆ ಊಟವೂ ಮಲಗಲು ಬಾಗಿಲಿರುವ ಜಾಗವೂ ಸಿದ್ಧವಿರಬೇಕು.

ಸಂಜೆಯ ಹೊತ್ತು ಏನು ಮಾಡುವುದು ಎಂಬ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡ ದೇಶ ಐಸ್‌ಲ್ಯಾಂಡ್. ಅಲ್ಲಿ 15-16ರ ಮಕ್ಕಳಲ್ಲಿ ಹಿಂದಿನ ತಿಂಗಳು ಕುಡಿದು ಮತ್ತರಾಗಿದ್ದವರು 1998ರಲ್ಲಿ ಶೇ 42ರಷ್ಟಿದ್ದರು. 2016ರ ಹೊತ್ತಿಗೆ ಅದು ಶೇ 5ಕ್ಕೆ ಇಳಿಯಿತು. ಗಾಂಜಾ ಬಳಸಿದ್ದವರ ಪ್ರಮಾಣ ಶೇ 17ರಿಂದ ಶೇ 7ಕ್ಕೆ ಬಂತು. ಆಟ, ಸಂಗೀತ, ನೃತ್ಯದ ತರಬೇತಿಗೆ ಸರ್ಕಾರವೇ ಹಣ ಕೊಟ್ಟಿತು. ಹೆತ್ತವರು ಮಕ್ಕಳ ಜೊತೆ ಹೆಚ್ಚು ಹೊತ್ತು ಕಳೆಯುವಂತೆ ಊರೂರಲ್ಲಿ ಒಪ್ಪಂದವಾಯಿತು. ಕೆಲವು ಲಕ್ಷ ಜನರ ಶ್ರೀಮಂತ ದೇಶದ ಮಾದರಿಯನ್ನು ಇದ್ದಂತೆಯೇ ಇಲ್ಲಿಗೆ ತರಲಾಗದು. ಆದರೆ ಸಂಜೆ ಐದಕ್ಕೆ ಮೈದಾನದ ಗೇಟಿಗೆ ಬೀಗ ಹಾಕುವ ಕಾಲೇಜು ಆ ಬೀಗವನ್ನು ಒಂಬತ್ತಕ್ಕೆ ಹಾಕಬಹುದು. ಅದಕ್ಕೆ ಬೇಕಾಗಿರುವುದು ಒಬ್ಬ ಕಾವಲುಗಾರ, ಎರಡು ದೀಪ.

ಚಿಕಿತ್ಸೆಯ ವಿಷಯದಲ್ಲಿ ಕರ್ನಾಟಕಕ್ಕೆ ಹೆಮ್ಮೆಪಡುವ ಇತಿಹಾಸವಿದೆ. ಮಾನಸಿಕ ಚಿಕಿತ್ಸೆಯನ್ನು ಜಿಲ್ಲೆಯ ಮಟ್ಟಕ್ಕೆ ಒಯ್ಯುವ ಪ್ರಯೋಗವನ್ನು 1980ರ ದಶಕದಲ್ಲಿ ನಿಮ್ಹಾನ್ಸ್ ಮಾಡಿದ್ದು ಬಳ್ಳಾರಿಯಲ್ಲಿ. 1996ರಲ್ಲಿ ದೇಶ ಅದನ್ನು ಅನುಸರಿಸಿತು. ಈಗ ಟೆಲಿ ಮನಸ್ ಸಹಾಯವಾಣಿಗೆ 14416, ವ್ಯಸನಮುಕ್ತಿ ಸಹಾಯವಾಣಿಗೆ 14446 ಒತ್ತಿದರೆ ಸಾಕು. ಮೊದಲನೆಯದರಲ್ಲಿ ಹಗಲು ರಾತ್ರಿ ಎನ್ನದೆ ಕನ್ನಡದಲ್ಲೇ ಮಾತಾಡಬಹುದು. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ. ಹಗಲಿನಲ್ಲಿ, ಕಚೇರಿಯ ವೇಳೆಯಲ್ಲಿ. ದಿನಗೂಲಿಯ ಹುಡುಗನಿಗೆ ಮಂಗಳವಾರದ ಹಗಲು ಎಂದರೆ ಒಂದು ದಿನದ ಸಂಬಳ. ಕಾಲೇಜಿನವನಿಗೆ ಒಂದು ದಿನದ ಹಾಜರಿ, ಜೊತೆಗೆ ಎಲ್ಲಿಗೆ ಹೋಗಿದ್ದೆ ಎಂಬ ಪ್ರಶ್ನೆ. ತಿಂಗಳಿಗೆ ಎರಡು ಸಲ ಬರಬೇಕಾದವನು ಮೂರನೇ ಸಲಕ್ಕೆ ತಪ್ಪಿಸಿಕೊಂಡರೆ ಅವನಿಗೆ ಮನಸ್ಸಿಲ್ಲ ಎಂದು ಕಡತದಲ್ಲಿ ಬರೆಯುವುದು ಸುಲಭ. ವಾರದಲ್ಲಿ ಒಂದು ದಿನವಾದರೂ ಸಂಜೆ ಆರರಿಂದ ಎಂಟರವರೆಗೆ ಮನೋವೈದ್ಯರ ಕೊಠಡಿ ತೆರೆದಿರಲಿ. ಔಷಧಿ ಕೊಡುವ ಕೌಂಟರ್ ಕೂಡ ಅಲ್ಲಿಯವರೆಗೆ ಮುಚ್ಚದಿರಲಿ.